ಪಿ28 ಬೋರ್ಡಿನ 32 ಕಿಲೋಬೈಟ್: ಹಳೆಯ ಹೋಂಡಾ ಇಸಿಯು ಓದುವ, ತಿದ್ದುವ ಬಗೆ

ಹಳೆಯ ಸ್ಪೋರ್ಟ್ಸ್ ಕಾರಿನ ಇಸಿಯು (ಇಂಜಿನ್ನಿನ ಇಂಧನವನ್ನೂ ಕಿಡಿಯನ್ನೂ ನಡೆಸುವ ಕಂಪ್ಯೂಟರ್ ಪೆಟ್ಟಿಗೆ) ಟ್ಯೂನಿಂಗ್ ಎಂದ ಕೂಡಲೇ ಕಣ್ಣ ಮುಂದೆ ಬರುವುದು ಲ್ಯಾಪ್‌ಟಾಪಿನ ಪರದೆ, ಅದರಲ್ಲಿ ಬಣ್ಣ ತುಂಬಿದ ಕೋಷ್ಟಕ, ಪಕ್ಕದಲ್ಲಿ ಏರಿಳಿಯುವ ಗ್ರಾಫ್. ಇವತ್ತಿನ ಮಾತು ಅದಕ್ಕಿಂತ ಒಂದು ಹೆಜ್ಜೆ ಹಿಂದಿನಿಂದ ಶುರುವಾಗುತ್ತದೆ. ಆ ಕೋಷ್ಟಕ ಚಿಪ್‌ನ ಆ ಜಾಗದಲ್ಲೇ ಇದೆ ಎಂದು ತಿಳಿದದ್ದು ಹೇಗೆ? ಅದರೊಳಗಿನ 128 ಅನ್ನುವ ಸಂಖ್ಯೆ ಡಿಗ್ರಿಯೋ, ಮಿಲಿಸೆಕೆಂಡೋ, ಬರೀ ಗುಣಕವೋ ಅಂತ ತೀರ್ಮಾನಿಸುವುದು ಹೇಗೆ? ಇದು ಗೊತ್ತಿಲ್ಲದೆ ಸಂಖ್ಯೆ ಬದಲಿಸಿದವರ ಪಿಸ್ಟನ್ ಒಡೆಯುತ್ತದೆ. ಒಂದು ಬೈಟ್ ಏನನ್ನು ಹೇಳುತ್ತದೆ ಎಂದು ಇಂಜಿನ್ನಿನ ಬಾಯಿಂದಲೇ ಸಾಬೀತು ಮಾಡಿಸಿಕೊಂಡು, ಆಮೇಲೆ ಅದನ್ನು ಮುಟ್ಟಬೇಕು. ಈ ಮಾತಿನ ಉದ್ದಕ್ಕೂ ಒತ್ತಿ ಹೇಳುವುದು ಅದನ್ನೇ.

ಉದಾಹರಣೆಗೆ ತೆಗೆದುಕೊಂಡಿರುವುದು ಹೋಂಡಾದ ಪಿ28. 1992ರಿಂದ 1995ರವರೆಗೆ ಅಮೆರಿಕದಲ್ಲಿ ಮಾರಿದ ಸಿವಿಕ್ ಎಸ್‌ಐ, ಇಎಕ್ಸ್ ಕಾರುಗಳಲ್ಲಿ 1590 ಸಿಸಿಯ ಡಿ16ಝಡ್6 ಇಂಜಿನ್ ಜೊತೆ ಬಂದ ಪೆಟ್ಟಿಗೆ ಇದು. 6600 ಆರ್‌ಪಿಎಂನಲ್ಲಿ 125 ಅಶ್ವಶಕ್ತಿ, ರೆಡ್‌ಲೈನ್ 7200 (ಅದರಾಚೆ ಓಡಿಸಬಾರದ ವೇಗ). ವಿಟೆಕ್ ಎಂದರೆ ವೇಗ ಏರಿದಾಗ ವಾಲ್ವುಗಳನ್ನು ಹೆಚ್ಚು ತೆರೆಯುವ ಇನ್ನೊಂದು ಕ್ಯಾಮ್‌ಗೆ ಬದಲಾಗುವ ಹೋಂಡಾದ ವ್ಯವಸ್ಥೆ. ಡೆಲ್ ಸೋಲ್ ವಿಟೆಕ್‌ಗೆ ಬಂದ ಪಿ30, 1994–95ರ ಇಂಟೆಗ್ರಾ ಜಿಎಸ್‌ಆರ್‌ನ ಪಿ72, ವಿಟೆಕ್ ಇಲ್ಲದ ಸಿವಿಕ್‌ನ ಪಿ06 ಇವೆಲ್ಲ ಇದರ ಒಡಹುಟ್ಟುಗಳು. ಸ್ಟಿಕರ್ ಮೇಲಿನ ನಂಬರಿನ ಕೊನೆಯ ಮೂರು ಅಕ್ಷರ ನೋಡಿ: ಎ0 ಎಂದು ಶುರುವಾದರೆ ಮ್ಯಾನ್ಯುಯಲ್ ಗೇರಿನದು, ಎ5 ಎಂದಿದ್ದರೆ ಆಟೋಮ್ಯಾಟಿಕ್‌ನದು. ಆಟೋಮ್ಯಾಟಿಕ್ ಪೆಟ್ಟಿಗೆಯನ್ನು ಮ್ಯಾನ್ಯುಯಲ್ ಗಾಡಿಗೆ ಹಾಕಿದರೆ ಲಾಕ್‌ಅಪ್ ಸೊಲೆನಾಯ್ಡ್ (ಆಟೋಮ್ಯಾಟಿಕ್ ಗೇರಿನ ವಿದ್ಯುತ್ ವಾಲ್ವು) ಕಾಣದೆ ಕೋಡ್ 19 ಎಂಬ ದೋಷ ಸೂಚನೆ ಬರುತ್ತದೆ.

ಈ ತಲೆಮಾರಿನ ಸಿವಿಕ್ ಭಾರತದಲ್ಲಿ ಮಾರಾಟವಾಗಲಿಲ್ಲ. ನಮ್ಮ ರಸ್ತೆಗಳಿಗೆ ವಿಟೆಕ್ ಹೆಸರನ್ನು ತಂದದ್ದು 106 ಪಿಎಸ್‌ನ ಹೋಂಡಾ ಸಿಟಿ 1.5. ಆ ಸಿಟಿ ಇಟ್ಟುಕೊಂಡವರು ಇಲ್ಲಿ ಹೇಳುವ ಬೆಸುಗೆ ಕ್ರಮವನ್ನು ತಮ್ಮ ಬೋರ್ಡಿಗೆ ಹಾಗೆಯೇ ಅನ್ವಯಿಸಬೇಡಿ. ಓದುವ ವಿಧಾನ ಎಲ್ಲಕ್ಕೂ ಹೊಂದುತ್ತದೆ, ರೆಸಿಸ್ಟರ್ ನಂಬರುಗಳು ಹೊಂದುವುದಿಲ್ಲ.

ಖಾಲಿ ಬಿಟ್ಟ ಜಾಗ

ಪ್ಯಾಸೆಂಜರ್ ಕಾಲಿನ ಕಡೆ, ಕಾರ್ಪೆಟ್ ಹಿಂದೆ ಇಸಿಯು ಇರುತ್ತದೆ. ಮುಚ್ಚಳ ತೆಗೆದರೆ ಮೊದಲು ಕಣ್ಣಿಗೆ ಬೀಳುವುದು ಓಕಿ ಕಂಪನಿಯ 66ಕೆ ಕುಟುಂಬದ 16 ಬಿಟ್ ಪ್ರೊಸೆಸರ್. ಕಾರ್ಖಾನೆಯ ಪ್ರೋಗ್ರಾಂ ಇರುವುದು ಇದರ ಹೊಟ್ಟೆಯೊಳಗಿನ, ತಯಾರಿಸುವಾಗಲೇ ಅಚ್ಚಾದ ಓದುವ-ಮಾತ್ರದ ಮೆಮೊರಿ (ROM), ಅಂದರೆ ಮಾಸ್ಕ್ ರಾಮ್‌ನಲ್ಲಿ. ಅದನ್ನು ಅಳಿಸಲಾಗದು, ಬರೆಯಲಾಗದು. ಆದರೆ ಅದರ ಪಕ್ಕದಲ್ಲೇ 28 ತೂತುಗಳ ಎರಡು ಸಾಲು, ಅದಕ್ಕೆ ಹೊಂದಿಕೊಂಡು 20 ತೂತುಗಳ ಇನ್ನೊಂದು ಜಾಗ, ಒಳಗೆ ಬೆಸುಗೆ ತುಂಬಿಕೊಂಡು ಖಾಲಿ ಕೂತಿವೆ. ಹೊರಗಿನ ಎಪ್‌ರಾಮ್‌ಗೆ (ಅಳಿಸಿ ಮತ್ತೆ ಬರೆಯಬಹುದಾದ ಮೆಮೊರಿ ಚಿಪ್‌ಗೆ) ಬೇಕಾದ ಎಲ್ಲ ತಾಮ್ರದ ದಾರಿಗಳನ್ನೂ ಹೋಂಡಾ ಬೋರ್ಡಿನಲ್ಲಿ ಹಾಕಿಯೇ ಕಳಿಸಿದೆ. ಹವ್ಯಾಸಿಗಳು ಈ ಪೆಟ್ಟಿಗೆಯನ್ನು ಇಷ್ಟು ಪ್ರೀತಿಸಲು ಕಾರಣ ಅದೇ.

ಬೇಕಾದ ಸಾಮಾನು ಕಡಿಮೆ. 28 ಪಿನ್ನಿನ ಸಾಕೆಟ್, 20 ಪಿನ್ನಿನ 74ಎಚ್‌ಸಿ373 ಲ್ಯಾಚ್, ಸಿ51 ಮತ್ತು ಸಿ52 ಜಾಗಕ್ಕೆ 0.1 ಮೈಕ್ರೋಫ್ಯಾರಡ್‌ನ ಎರಡು ಸೆರಾಮಿಕ್ ಕೆಪಾಸಿಟರ್, ಆರ್54ಕ್ಕೆ 1 ಕಿಲೋಓಮ್ ರೆಸಿಸ್ಟರ್, ಜೆ1 ಜಾಗಕ್ಕೆ ಒಂದು ತುಂಡು ತಂತಿ. ಲ್ಯಾಚ್ ಯಾಕೆ ಬೇಕೆಂದರೆ, ಪಿನ್ನುಗಳನ್ನು ಉಳಿಸಲು ಈ ಪ್ರೊಸೆಸರ್ ವಿಳಾಸದ ಕೆಳಗಿನ 8 ಬಿಟ್ಟುಗಳನ್ನೂ ಡೇಟಾವನ್ನೂ ಒಂದೇ ಎಂಟು ತಂತಿಗಳ ಮೇಲೆ ಸರದಿಯಂತೆ ಕಳಿಸುತ್ತದೆ. ವಿಳಾಸ ಬಂದ ಕ್ಷಣದಲ್ಲಿ 373 ಅದನ್ನು ಹಿಡಿದಿಟ್ಟುಕೊಳ್ಳದಿದ್ದರೆ ಎಪ್‌ರಾಮ್‌ಗೆ ಯಾವ ಬೈಟ್ ಕೊಡಬೇಕೆಂದೇ ತಿಳಿಯುವುದಿಲ್ಲ. ಜೆ1 ಮಾಡುವ ಕೆಲಸ ಇನ್ನೂ ಮುಖ್ಯ. ಒಳಗಿನ ರಾಮ್ ಓದಬೇಕೋ ಹೊರಗಿನದೋ ಎಂದು ತೀರ್ಮಾನಿಸುವ ಪಿನ್ನನ್ನು ಅದು ನೆಲಕ್ಕೆ (ಗ್ರೌಂಡ್, ಅಂದರೆ ಸೊನ್ನೆ ವೋಲ್ಟ್‌ಗೆ) ಎಳೆಯುತ್ತದೆ.

ಕಷ್ಟವೆಲ್ಲ ಆ ತುಂಬಿದ ತೂತುಗಳನ್ನು ಖಾಲಿ ಮಾಡುವುದರಲ್ಲಿದೆ. ಬೋರ್ಡಿನ ಮೇಲೆ ತೇವ ತಡೆಯುವ ಲ್ಯಾಕರ್ ಪದರವಿದೆ, ಅದನ್ನು ಮೊದಲು ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ಇಲ್ಲದಿದ್ದರೆ ಬೆಸುಗೆ ಕರಗುವ ಮೊದಲು ಲ್ಯಾಕರ್ ಸುಟ್ಟು ಕರಿ ಹಿಡಿಯುತ್ತದೆ. ಹಳೆಯ ಬೆಸುಗೆಗೆ ಸ್ವಲ್ಪ ಹೊಸ 63/37 ಬೆಸುಗೆ ಮತ್ತು ಫ್ಲಕ್ಸ್ ಸೇರಿಸಿ, ಎರಡೂ ಬೆರೆತ ಮೇಲೆ ಪಂಪಿನಿಂದ ಎಳೆಯಿರಿ. ತೂತುಗಳು ಸಲೀಸಾಗಿ ತೆರೆದುಕೊಳ್ಳುತ್ತವೆ. ನೆಲದ ಪದರಕ್ಕೆ ಅಂಟಿಕೊಂಡ ಒಂದೆರಡು ತೂತು ಮಾತ್ರ ಹಠ ಮಾಡುತ್ತವೆ, ಏಕೆಂದರೆ ಅಗಲವಾದ ತಾಮ್ರ ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ಅಲ್ಲಿ ಐರನ್ನಿನ ಶಾಖ ಏರಿಸುತ್ತಾ ಹೋಗುವುದು ತಪ್ಪು, ಅಗಲ ತುದಿಯ ಬಿಟ್ ಹಾಕಿ. ಬಲವಂತವಾಗಿ ಸೂಜಿ ತೂರಿಸಿದರೆ ತೂತಿನ ಒಳಗೋಡೆಯ ತಾಮ್ರ ಕಿತ್ತು ಬರುತ್ತದೆ, ಮೇಲಿನ ಮತ್ತು ಕೆಳಗಿನ ದಾರಿಗಳ ಸಂಪರ್ಕ ತಪ್ಪುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಚೆನ್ನಾಗಿ ಕಾಣುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಆದ್ದರಿಂದ ಸಾಕೆಟ್ ಕೂರಿಸಿದ ಮೇಲೆ ಪ್ರತಿ ಪಿನ್ನನ್ನೂ ಮಲ್ಟಿಮೀಟರಿನ ಬೀಪ್‌ನಲ್ಲಿ ಅದು ಸೇರಬೇಕಾದ ಜಾಗದವರೆಗೆ ಹಿಡಿದು ನೋಡಿ. 28 ಪಿನ್ನಿಗೆ ಹತ್ತು ನಿಮಿಷದ ಕೆಲಸ.

ಈ ಸಾಕೆಟ್‌ಗೆ ಹೊಂದುವ ಚಿಪ್ 27ಸಿ256. ಚಿಪ್ ಆಯ್ಕೆಯಲ್ಲಿ ಎರಡು ಎಡವಟ್ಟು ಪದೇಪದೇ ಆಗುತ್ತವೆ. ಮೊದಲನೆಯದು 28ಸಿ256. ಹೆಸರು ಹತ್ತಿರದ್ದು, ಗಾತ್ರವೂ 32 ಕಿಲೋಬೈಟೇ. ಆದರೆ 27ಸಿ256ರಲ್ಲಿ ವಿಳಾಸದ ಎ14 ಇರುವುದು 27ನೇ ಪಿನ್ನಿನಲ್ಲಿ, 28ಸಿ256ರಲ್ಲಿ ಅದು 1ನೇ ಪಿನ್ನಿನಲ್ಲಿ. ಹಾಗೆಯೇ ಚುಚ್ಚಿದರೆ ನಡೆಯುವುದಿಲ್ಲ. ಎರಡನೆಯದು 64 ಕಿಲೋಬೈಟಿನ 27ಎಸ್‌ಎಫ್512. ಯುವಿ ದೀಪವಿಲ್ಲದೆ ಅಳಿಸಿ ಮತ್ತೆ ಬರೆಯಬಹುದಾದ್ದರಿಂದ ಹೆಚ್ಚಿನವರು ಬಳಸುವುದು ಇದನ್ನೇ. 27ಸಿ256ರಲ್ಲಿ ಪ್ರೋಗ್ರಾಮಿಂಗ್ ವೋಲ್ಟೇಜಿನ ಪಿನ್ ಆಗಿದ್ದ 1ನೇ ಪಿನ್ ಇದರಲ್ಲಿ ಎ15 ಎಂಬ ವಿಳಾಸದ ಪಿನ್. ಬೋರ್ಡಿನಲ್ಲಿ ಆ ಪಿನ್ 5 ವೋಲ್ಟ್‌ಗೆ ಕಟ್ಟಿದೆ, ಅಂದರೆ ಎ15 ಯಾವಾಗಲೂ 1. ಹಾಗಾಗಿ ಪ್ರೊಸೆಸರ್ ನೋಡುವುದು ಚಿಪ್‌ನ ಮೇಲಿನ ಅರ್ಧವನ್ನು ಮಾತ್ರ. ಫೈಲನ್ನು ಹೆಕ್ಸ್ (ಹದಿನಾರರ ಎಣಿಕೆಯ ಸಂಖ್ಯೆ) 8000ದಿಂದ ಎಫ್‌ಎಫ್‌ಎಫ್‌ಎಫ್‌ವರೆಗೆ ಬರೆಯಬೇಕು. ಸೊನ್ನೆಯಿಂದ ಬರೆದರೆ ಪ್ರೊಸೆಸರ್‌ಗೆ ಸಿಗುವುದು ಖಾಲಿ ಜಾಗ.

ಕೀ ತಿರುಗಿಸಿದಾಗ ಚೆಕ್ ಇಂಜಿನ್ ದೀಪ ಹೊತ್ತಿ ಎರಡು ಸೆಕೆಂಡಿನಲ್ಲಿ ಆರಬೇಕು, ಅಷ್ಟೇ ಹೊತ್ತು ಇಂಧನದ ಪಂಪ್ ಗುಂಯ್‌ಗುಡಬೇಕು. ದೀಪ ಆರದೆ ನಿಂತರೆ, ಪಂಪ್ ಸದ್ದು ಮಾಡದಿದ್ದರೆ, ಪ್ರೋಗ್ರಾಂ ಓಡುತ್ತಿಲ್ಲ: ಚಿಪ್ ತಿರುಗಾಮುರುಗ, ಫೈಲ್ ತಪ್ಪು ಅರ್ಧದಲ್ಲಿ, ಇಲ್ಲವೇ ಒಂದು ಪಿನ್ ಬೆಸುಗೆ ಕೂತಿಲ್ಲ. ಇದಕ್ಕಿಂತ ಮೋಸದ ಸ್ಥಿತಿ ಇನ್ನೊಂದಿದೆ. ಜೆ1 ಮರೆತರೆ ಗಾಡಿ ಅಂದವಾಗಿ ಓಡುತ್ತದೆ, ಕಾರ್ಖಾನೆಯ ಒಳಗಿನ ಪ್ರೋಗ್ರಾಂನಲ್ಲಿ. ನೀವು ಗಂಟೆಗಟ್ಟಲೆ ಕೋಷ್ಟಕ ತಿದ್ದುತ್ತೀರಿ, ಇಂಜಿನ್‌ಗೆ ಒಂದಕ್ಷರ ಮುಟ್ಟುವುದಿಲ್ಲ. ಇದನ್ನು ಕಂಡುಹಿಡಿಯುವ ದಾರಿಯೇ ಬೈಟುಗಳನ್ನು ಓದುವ ಮೊದಲ ಪಾಠವೂ ಹೌದು.

1875000

ಫೈಲಿನಲ್ಲಿ 32768 ಬೈಟುಗಳಿವೆ. ಅವುಗಳಲ್ಲಿ 7200 ಆರ್‌ಪಿಎಂ ಎಂಬ ಮಿತಿ ಎಲ್ಲಿದೆ? 7200ನ್ನು ಹೆಕ್ಸ್‌ಗೆ ತಿರುಗಿಸಿ ಹುಡುಕಿದರೆ ಸಿಗುವುದಿಲ್ಲ. ಪ್ರೊಸೆಸರ್‌ಗೆ ಆರ್‌ಪಿಎಂ ಎಂಬುದೇ ಗೊತ್ತಿಲ್ಲ. ಡಿಸ್ಟ್ರಿಬ್ಯೂಟರ್ (ಸಿಲಿಂಡರ್‌ಗಳಿಗೆ ಕಿಡಿ ಹಂಚುವ ಭಾಗ) ಒಳಗಿನ ಚಕ್ರದ ಹಲ್ಲುಗಳು ಒಂದರ ಹಿಂದೊಂದು ಸರಿಯುವಾಗ ನಡುವೆ ಎಷ್ಟು ಹೊತ್ತು ಹಿಡಿಯಿತು ಎಂದು ಅದು ಗಡಿಯಾರದ ಟಿಕ್‌ಗಳಲ್ಲಿ ಎಣಿಸುತ್ತದೆ. ಭಾಗಾಕಾರ ಮಾಡಿ ಆರ್‌ಪಿಎಂ ತೆಗೆಯುವುದು ಅದಕ್ಕೆ ದುಬಾರಿ ಕೆಲಸ, ಹಾಗಾಗಿ ಮಿತಿಯನ್ನೂ ಎಣಿಕೆಯಾಗಿಯೇ ಇಟ್ಟುಕೊಂಡಿದೆ. ಈ ಹೋಂಡಾ ಕುಟುಂಬದಲ್ಲಿ ಸಂಬಂಧ ಇದು: ಆರ್‌ಪಿಎಂ ಎಂದರೆ 1875000 ಭಾಗಿಸು ಎಣಿಕೆ.

ಈ 1875000 ಎಲ್ಲಿಂದ ಬಂತು? ಅರ್ಧ ಸುತ್ತಿಗೆ ಹಿಡಿಯುವ ಕಾಲ 30 ಭಾಗಿಸು ಆರ್‌ಪಿಎಂ ಸೆಕೆಂಡು. ಒಂದು ಟಿಕ್ 16 ಮೈಕ್ರೋಸೆಕೆಂಡ್ ಎಂದಿಟ್ಟುಕೊಂಡು 30ನ್ನು ಅದರಿಂದ ಭಾಗಿಸಿ ನೋಡಿ, ಸರಿಯಾಗಿ 1875000. ನಾಲ್ಕು ಸಿಲಿಂಡರಿನ ಇಂಜಿನ್‌ನಲ್ಲಿ ಒಂದು ಕಿಡಿಯಿಂದ ಮುಂದಿನ ಕಿಡಿಗೆ ಅರ್ಧ ಸುತ್ತೇ ತಾನೆ. ಲೆಕ್ಕ ಕೂಡಿಬಂದಾಗ ಆ ಸಂಖ್ಯೆ ಬಾಯಿಪಾಠದ ಸೂತ್ರವಾಗಿ ಉಳಿಯುವುದಿಲ್ಲ, ಗಡಿಯಾರದ ಅಳತೆಯಾಗುತ್ತದೆ.

ಈಗ 7200ಕ್ಕೆ ಎಣಿಕೆ 260, ಹೆಕ್ಸ್‌ನಲ್ಲಿ 0104. ಈ ಪ್ರೊಸೆಸರ್ ಚಿಕ್ಕ ಬೈಟನ್ನು ಮೊದಲು ಇಡುವುದರಿಂದ ಫೈಲಿನಲ್ಲಿ ಹುಡುಕಬೇಕಾದದ್ದು 04 01. ಅದರ ಆಸುಪಾಸಿನಲ್ಲೇ ಸ್ವಲ್ಪ ದೊಡ್ಡ ಎಣಿಕೆ ಇರಬೇಕು, ಉದಾಹರಣೆಗೆ 08 01, ಅಂದರೆ 264, ಅಂದರೆ ಸುಮಾರು 7100 ಆರ್‌ಪಿಎಂ. ಇಂಧನ ಕಡಿಯುವ ಮಿತಿ ಒಂದು, ಮತ್ತೆ ಬಿಡುವ ಮಿತಿ ಇನ್ನೊಂದು. ಎರಡೂ ಒಂದೇ ಆದರೆ ಇಂಜಿನ್ ಮಿತಿಯ ಮೇಲೆ ನಡುಗುತ್ತದೆ. ಎಣಿಕೆ ಚಿಕ್ಕದಾದಂತೆ ವೇಗ ಹೆಚ್ಚು ಎಂಬುದನ್ನು ನೆನಪಿಡಿ. 260ರಿಂದ 261ಕ್ಕೆ ಹೋದರೆ 28 ಆರ್‌ಪಿಎಂ ಇಳಿಯುತ್ತದೆ, 228ರಿಂದ 229ಕ್ಕೆ ಹೋದರೆ 36. ಮೇಲೆ ಹೋದಂತೆ ಹೆಜ್ಜೆ ದೊಡ್ಡದು, ಹಾಗಾಗಿ ಬೇಕೆಂದ ಆರ್‌ಪಿಎಂ ತಂತಾನೇ ಹತ್ತಿರದ ಎಣಿಕೆಗೆ ಜಾರಿಕೊಳ್ಳುತ್ತದೆ.

ಸಾಬೀತು ಮಾಡುವ ಹೆಜ್ಜೆ ಈಗ. ಕಡಿಯುವ ಮಿತಿಯನ್ನು 3000 ಆರ್‌ಪಿಎಂಗೆ ಇಳಿಸಿ. ಎಣಿಕೆ ಸರಿಯಾಗಿ 625, ಹೆಕ್ಸ್ 0271, ಫೈಲಿನಲ್ಲಿ 71 02. ಬಿಡುವ ಮಿತಿಯನ್ನೂ ಅದಕ್ಕಿಂತ ಸ್ವಲ್ಪ ಕೆಳಗೆ ತನ್ನಿ. ಗಾಡಿ ನಿಂತಲ್ಲೇ ಆಕ್ಸಲರೇಟರ್ ಮೆಲ್ಲಗೆ ಒತ್ತಿ. 3000ದಲ್ಲಿ ಕಡಿದರೆ ಮೂರು ವಿಷಯ ಒಟ್ಟಿಗೆ ಖಚಿತವಾದವು: ವಿಳಾಸ ಸರಿ, ಸೂತ್ರ ಸರಿ, ಹೊರಗಿನ ಚಿಪ್ ನಿಜವಾಗಿ ಓದಲ್ಪಡುತ್ತಿದೆ. ಕಡಿಯದೆ ಮೇಲೇರಿದರೆ ಜೆ1 ನೋಡಿ. ಇಂಜಿನ್‌ಗೆ ಹಾನಿಯಾಗದ ದಿಕ್ಕಿನಲ್ಲಿ ಮೊದಲ ಬದಲಾವಣೆ ಮಾಡುವುದು ರೂಢಿಯಾಗಲಿ.

ಇನ್ನೊಂದು ಅಡಚಣೆ ಚೆಕ್‌ಸಮ್. ಪ್ರೋಗ್ರಾಂ ತನ್ನ ಎಲ್ಲ ಬೈಟುಗಳನ್ನು ಕೂಡಿಸಿ ಕೆಳಗಿನ 8 ಬಿಟ್ ಸೊನ್ನೆ ಬರುತ್ತದೆಯೇ ಎಂದು ನೋಡುತ್ತದೆ. ಎಲ್ಲೋ ಒಂದು ಕಡೆ 5 ಕೂಡಿಸಿದರೆ ಬಳಕೆಯಾಗದ ಇನ್ನೊಂದು ಬೈಟಿನಲ್ಲಿ 5 ಕಳೆಯಿರಿ. ಅಷ್ಟೇ.

ಕೋಡನ್ನೇ ಬಿಡಿಸಿ ಓದಬೇಕೆಂದರೆ ಓಕಿ 66ಕೆಯ ಒಂದು ಗುಣ ತಿಳಿದಿರಲೇಬೇಕು. ಇದರ ಸ್ಥಿತಿ ರಿಜಿಸ್ಟರಿನಲ್ಲಿ ಡಿಡಿ ಎಂಬ ಬಿಟ್ ಇದೆ. ಅದು 1 ಇದ್ದಾಗ ಅಕ್ಯುಮ್ಯುಲೇಟರ್ (ಲೆಕ್ಕ ನಡೆಯುವ ರಿಜಿಸ್ಟರ್) 16 ಬಿಟ್ಟಿನದು, 0 ಇದ್ದಾಗ 8 ಬಿಟ್ಟಿನದು. ಒಂದೇ ಆಪ್‌ಕೋಡ್ (ಪ್ರೊಸೆಸರ್‌ಗೆ ಕೊಡುವ ಆದೇಶದ ಸಂಖ್ಯೆ) ಡಿಡಿ 1 ಇದ್ದಾಗ ಮುಂದಿನ ಎರಡು ಬೈಟುಗಳನ್ನು ತನ್ನ ಸಂಖ್ಯೆಯೆಂದು ತೆಗೆದುಕೊಳ್ಳುತ್ತದೆ, 0 ಇದ್ದಾಗ ಒಂದನ್ನು. ಡಿಡಿಯ ಜಾಡು ಹಿಡಿಯದೆ ಡಿಸ್‌ಅಸೆಂಬಲ್ ಮಾಡಿದರೆ (ಬೈಟುಗಳನ್ನು ಆದೇಶಗಳಾಗಿ ಬಿಡಿಸಿದರೆ) ಒಂದೇ ಬೈಟ್ ಜಾರಿ, ಅಲ್ಲಿಂದ ಮುಂದೆ ಎಲ್ಲ ಅಸಂಬದ್ಧ. ರೀಸೆಟ್ ವೆಕ್ಟರ್‌ನಿಂದ (ಪ್ರೋಗ್ರಾಂ ಶುರುವಾಗುವ ವಿಳಾಸದಿಂದ) ಶುರುಮಾಡಿ, ಪ್ರತಿ ಜಿಗಿತದಲ್ಲೂ ಡಿಡಿ ಎಷ್ಟಿತ್ತು ಎಂದು ಬರೆದುಕೊಳ್ಳುತ್ತಾ ನಡೆಯಬೇಕು. ಎರಡು ದಾರಿಗಳು ಒಂದೇ ವಿಳಾಸಕ್ಕೆ ಬೇರೆ ಬೇರೆ ಡಿಡಿಯೊಂದಿಗೆ ಬಂದರೆ, ಹಿಂದೆಲ್ಲೋ ತಪ್ಪಿದ್ದೀರಿ ಎಂಬ ಅನುಮಾನ ಮೂಡಬೇಕು.

ಕೋಡ್ ಓದದೆಯೂ ಕೋಷ್ಟಕ ಹುಡುಕಬಹುದು. ಪಿ28, ಪಿ30ರ ಎರಡು ಫೈಲುಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸಿ. ಇಂಜಿನ್‌ಗೆ ತಕ್ಕಂತೆ ಬದಲಾಗುವ ಬೈಟುಗಳ ಗುಂಪುಗಳೇ ಕೋಷ್ಟಕಗಳ ಸುಳಿವು. ಆ ಭಾಗವನ್ನು ಒಂದು ಸಾಲಿಗೆ ಇಷ್ಟು ಬೈಟ್ ಎಂದು ಬೂದು ಬಣ್ಣದ ಚಿತ್ರವಾಗಿ ಬಿಡಿಸಿ, ಅಗಲವನ್ನು ಬದಲಿಸುತ್ತಾ ಹೋಗಿ. ಅಗಲ 10 ಆದಾಗ ಓರೆಯಾಗಿದ್ದ ಪಟ್ಟೆಗಳು ನೆಟ್ಟಗೆ ನಿಲ್ಲುತ್ತವೆ. ಹತ್ತು ಕಾಲಮ್ಮು ಮ್ಯಾನಿಫೋಲ್ಡ್ (ಇಂಜಿನ್‌ಗೆ ಗಾಳಿ ಒಯ್ಯುವ ಕೊಳವೆ) ಒತ್ತಡ, ಸಾಲುಗಳು ಆರ್‌ಪಿಎಂ.

ಇಂಧನದ ಕೋಷ್ಟಕ, ಹತ್ತಿರದಿಂದ

ಈ ಹೋಂಡಾಗಳಲ್ಲಿ ಗಾಳಿ ಅಳೆಯುವ ಮೀಟರ್ ಇಲ್ಲ. ಮ್ಯಾನಿಫೋಲ್ಡಿನ ಒತ್ತಡ ಮತ್ತು ಆರ್‌ಪಿಎಂ ನೋಡಿ, ಇಷ್ಟು ಗಾಳಿ ಹೋಗಿರಬೇಕು ಎಂದು ಕೋಷ್ಟಕದಿಂದ ಎತ್ತಿಕೊಳ್ಳುತ್ತದೆ. ಅದಕ್ಕೆ ಕೂಲಂಟ್ ಬಿಸಿ, ಒಳಬರುವ ಗಾಳಿಯ ಬಿಸಿ, ಥ್ರಾಟಲ್ ಚಲನೆ, ಆಕ್ಸಿಜನ್ ಸೆನ್ಸರಿನ ತಿದ್ದುಪಡಿಗಳನ್ನು ಗುಣಿಸಿ, ಕೊನೆಗೆ ಇಂಜೆಕ್ಟರ್ ತೆರೆದುಕೊಳ್ಳಲು ಹಿಡಿಯುವ ಸತ್ತ ಸಮಯವನ್ನು ಕೂಡಿಸುತ್ತದೆ. ಗುಣಿಸುವುದು ಯಾವುದು, ಕೂಡಿಸುವುದು ಯಾವುದು ಎಂಬ ಈ ಭೇದ ಮುಂದೆ ಬಹಳ ಬೆಲೆ ಬಾಳುತ್ತದೆ.

ಮೊದಲು ಕೋಷ್ಟಕದ ಬೈಟನ್ನೇ ನೋಡೋಣ. ಒಂದು ಸಾಲಿನಲ್ಲಿ ಎಡದಿಂದ ಬಲಕ್ಕೆ ಒತ್ತಡ ಏರುತ್ತಿದೆ, ಇಂಧನವೂ ಏರಬೇಕು. ಆದರೆ 200 ಆದ ಮೇಲೆ ಪಕ್ಕದ ಕಾಲಮ್ಮಿನಲ್ಲಿ 110 ಕಾಣುತ್ತದೆ. ಫೈಲ್ ಕೆಟ್ಟಿದೆಯೆಂದು ಭ್ರಮಿಸಿ 110ನ್ನು 210 ಮಾಡುವವರಿದ್ದಾರೆ. ಒಂದು ಬೈಟಿಗೆ 255ರ ಮಿತಿ ಇರುವುದರಿಂದ ಹೋಂಡಾ ಪ್ರತಿ ಕಾಲಮ್ಮಿಗೂ ಒಂದು ಗುಣಕ ಇಟ್ಟಿದೆ. ಇಂಧನದ ಕೋಷ್ಟಕ ಮುಗಿದ ಕೂಡಲೇ ಬರುವ ಹತ್ತು ಬೈಟುಗಳ ಸಾಲೇ ಅದು. ಗುಣಕ 1 ಇದ್ದರೆ ಎರಡರಿಂದ, 2 ಇದ್ದರೆ ನಾಲ್ಕರಿಂದ, 3 ಇದ್ದರೆ ಎಂಟರಿಂದ ಗುಣಿಸಬೇಕು. 200ರ ಕಾಲಮ್ಮಿನ ಗುಣಕ 1, ನಿಜಬೆಲೆ 400. 110ರ ಕಾಲಮ್ಮಿನ ಗುಣಕ 2, ನಿಜಬೆಲೆ 440. ಏರುತ್ತಲೇ ಇದೆ. 210 ಮಾಡಿದ್ದರೆ 840 ಆಗುತ್ತಿತ್ತು, ಸ್ಪಾರ್ಕ್ ಪ್ಲಗ್ ತೊಯ್ದು ಇಂಜಿನ್ ನಿಲ್ಲುತ್ತಿತ್ತು.

ಇದಕ್ಕೆ ವಿರುದ್ಧ ದಿಕ್ಕಿನ ತಪ್ಪು ಇನ್ನೂ ಅಪಾಯಕಾರಿ. ಪೂರ್ತಿ ಥ್ರಾಟಲ್‌ನ ಕಾಲಮ್ಮಿನಲ್ಲಿ 250 ಇದೆ, ಶೇಕಡ 5 ಹೆಚ್ಚಿಸಬೇಕು. 262 ಬರುತ್ತದೆ. ಕೈಯಾರೆ ಬರೆದ ಸ್ಕ್ರಿಪ್ಟ್‌ನಲ್ಲಿ ಬೈಟ್ ಸುತ್ತಿಬಂದು 6 ಆಗುತ್ತದೆ. ಪೂರ್ತಿ ಹೊರೆಯಲ್ಲಿ, ಒಂದೇ ಕೋಶದಲ್ಲಿ, ಇಂಧನವೇ ಇಲ್ಲ. ಸರಿಯಾದ ಕ್ರಮ ಇದು: ಆ ಕಾಲಮ್ಮಿನ ಗುಣಕವನ್ನು 1 ಏರಿಸಿ, ಕಾಲಮ್ಮಿನ ಪ್ರತಿ ಬೈಟನ್ನೂ ಅರ್ಧ ಮಾಡಿ, ಆಮೇಲೆ ಶೇಕಡ 5 ಸೇರಿಸಿ. 250 ಹೋಗಿ 125, ಅಲ್ಲಿಂದ 131. ಒಂದು ಕೋಶಕ್ಕಾಗಿ ಗುಣಕ ಮುಟ್ಟಿ ಉಳಿದ ಬೈಟುಗಳನ್ನು ಅರ್ಧ ಮಾಡಲು ಮರೆತರೆ ಆ ಕಾಲಮ್ಮು ಪೂರ್ತಿ ಎರಡರಷ್ಟು ಆಗುತ್ತದೆ.

ಈಗ ದೊಡ್ಡ ಇಂಜೆಕ್ಟರ್. 240 ಸಿಸಿಯದನ್ನು ತೆಗೆದು ನಿಮಿಷಕ್ಕೆ 450 ಸಿಸಿಯದು ಹಾಕಿದಿರಿ. ಅನುಪಾತ 0.533. ಲೆಕ್ಕಕ್ಕಾಗಿ ಐಡಲ್‌ನಲ್ಲಿ ಒಟ್ಟು ಪಲ್ಸ್ 2.5 ಮಿಲಿಸೆಕೆಂಡ್, ಅದರಲ್ಲಿ ಸತ್ತ ಸಮಯ 0.9 ಎಂದಿಟ್ಟುಕೊಳ್ಳಿ. ಪೆಟ್ರೋಲ್ ನಿಜವಾಗಿ ಹರಿಯುವುದು 1.6 ಮಿಲಿಸೆಕೆಂಡ್. ಹೊಸದಕ್ಕೆ ಬೇಕಾದದ್ದು 0.85. ಹೊಸ ಇಂಜೆಕ್ಟರಿನ ಸತ್ತ ಸಮಯ 1.1 ಎಂದಾದರೆ ಒಟ್ಟು 1.95. ಇದನ್ನು ಬಿಟ್ಟು 2.5ನ್ನೇ 0.533ರಿಂದ ಗುಣಿಸಿದರೆ 1.33 ಬರುತ್ತದೆ, ಅದರಲ್ಲಿ 1.1 ಸತ್ತ ಸಮಯ, ಹರಿಯುವುದು 0.23. ಐಡಲ್ ನಿಲ್ಲುವುದೇ ಇಲ್ಲ. ಆಗ ಜನ ಐಡಲ್ ಕೋಶಗಳಿಗೆ ಮನಸೋ ಇಚ್ಛೆ ಇಂಧನ ಸುರಿದು ಸರಿಮಾಡುತ್ತಾರೆ. ರಾತ್ರಿ ಹೆಡ್‌ಲೈಟ್ ಹಾಕಿ ಬ್ಯಾಟರಿ ವೋಲ್ಟೇಜ್ ಇಳಿದ ತಕ್ಷಣ ಸತ್ತ ಸಮಯ ಬದಲಾಗಿ ಮತ್ತೆ ಇಂಜಿನ್ ಕೆಮ್ಮುತ್ತದೆ. ಇಂಜೆಕ್ಟರ್ ಬದಲಿಸಿದಾಗ ಇಂಧನದ (ಇಲ್ಲಿ 0.533ರ) ಗುಣಕವನ್ನೂ ವೋಲ್ಟೇಜ್‌ವಾರು ಸತ್ತ ಸಮಯದ ಕೋಷ್ಟಕವನ್ನೂ ಜೊತೆಯಲ್ಲೇ ಬದಲಿಸಬೇಕು. ಹೊಸ ಇಂಜೆಕ್ಟರ್ ಕೊಳ್ಳುವಾಗ ಸತ್ತ ಸಮಯದ ಅಂಕಿಗಳನ್ನು ಕೇಳಿ ಪಡೆಯಿರಿ. ಕೊಡಲಾಗದ ಅಂಗಡಿಯ ಮಾಲು ಅಗ್ಗವಾದರೂ ಬೇಡ.

ಕಿಡಿ ಯಾವಾಗ ಹಾರಬೇಕು ಎಂದು ಹೇಳುವ ಟೈಮಿಂಗ್ ಕೋಷ್ಟಕ ಇದಕ್ಕಿಂತ ಸರಳ. ಬೈಟನ್ನು 4ರಿಂದ ಭಾಗಿಸಿ 6 ಕಳೆದರೆ ಡಿಗ್ರಿ. ಮೊದಲಲ್ಲಿ ಕೇಳಿದ 128 ಇಲ್ಲಿ ಇದ್ದರೆ ಅದು 26 ಡಿಗ್ರಿ. ಸಾಬೀತು ಮಾಡಲು ಐಡಲ್‌ಗಿಂತ ಮೇಲಿನ, ಹೊರೆಯಿಲ್ಲದ ಕೆಲವು ಕೋಶಗಳಲ್ಲಿ 104 ತುಂಬಿ. 20 ಡಿಗ್ರಿ ಬರಬೇಕು. ಡಯಲ್ ಇರುವ ಟೈಮಿಂಗ್ ಲೈಟ್ ಹಿಡಿದು ಕ್ರ್ಯಾಂಕ್ ಪುಲ್ಲಿಯ ಬಿಳಿ ಗುರುತಿನ ಮೇಲೆ ಅಳೆಯಿರಿ. ಆದರೆ ಇದಕ್ಕೂ ಮೊದಲು ಒಂದು ಕೆಲಸ: ಇಂಜಿನ್ ಬಿಸಿಯಾದ ಮೇಲೆ ಸರ್ವಿಸ್ ಚೆಕ್ ಕನೆಕ್ಟರಿನ ಎರಡು ಪಿನ್ ಜೋಡಿಸಿ, ಬೇಸ್ ಟೈಮಿಂಗ್ 16 ಡಿಗ್ರಿ ಇದೆಯೇ ನೋಡಿ. ಡಿಸ್ಟ್ರಿಬ್ಯೂಟರ್ ಅನ್ನು ಯಾರೋ ಬೇಸ್ ಟೈಮಿಂಗ್ 4 ಡಿಗ್ರಿ ಮುಂದಾಗುವಂತೆ ಕೈಯಲ್ಲಿ ತಿರುಗಿಸಿಟ್ಟಿದ್ದರೆ ಕೋಷ್ಟಕದ 26 ನಿಜದಲ್ಲಿ 30. ಡಿ16ಝಡ್6ರಲ್ಲಿ ನಾಕ್ (ಇಂಧನ ಅಕಾಲದಲ್ಲಿ ಸಿಡಿಯುವುದು) ಗುರುತಿಸುವ ಸೆನ್ಸರ್ ಇಲ್ಲ. ತಪ್ಪಿದರೆ ಎಚ್ಚರಿಸುವವರು ಯಾರೂ ಇಲ್ಲ.

ಮೇಜಿನಿಂದ ಗಾಡಿಗೆ

ಗಾಡಿಗೆ ಹಾಕುವ ಮುನ್ನ ಮೇಜಿನ ಮೇಲೆ ಓಡಿಸಿ ನೋಡುವುದು ಒಳ್ಳೆಯದು. ಎ, ಬಿ, ಡಿ ಎಂಬುವು ಇಸಿಯುವಿನ ಪ್ಲಗ್‌ಗಳು, ಜೊತೆಯ ಸಂಖ್ಯೆ ಪಿನ್ನಿನದು. 12 ವೋಲ್ಟ್ ಸಪ್ಲೈಯನ್ನು ಎ25 ಮತ್ತು ಬಿ1ಕ್ಕೆ, ನೆಲವನ್ನು ಎ23, ಎ24ಕ್ಕೆ ಕೊಡಿ. ಡಿ17ಕ್ಕೆ 5 ಕಿಲೋಓಮ್ ಪೊಟೆನ್ಶಿಯೋಮೀಟರ್ ಕಟ್ಟಿದರೆ ಮ್ಯಾನಿಫೋಲ್ಡ್ ಒತ್ತಡ ನಿಮ್ಮ ಬೆರಳಿನಲ್ಲಿ. ಡಿ13ಕ್ಕೆ 300 ಓಮ್ ರೆಸಿಸ್ಟರ್ ಇಟ್ಟರೆ ಇಂಜಿನ್ ಬಿಸಿಯಾಗಿದೆ ಎಂದು ತಿಳಿಯುತ್ತದೆ. ಗುಜರಿಯ ಡಿಸ್ಟ್ರಿಬ್ಯೂಟರ್ ಒಂದನ್ನು ಡ್ರಿಲ್ಲಿಂಗ್ ಮಶೀನಿನಿಂದ ಸರಿಯಾದ ದಿಕ್ಕಿನಲ್ಲಿ ತಿರುಗಿಸಿ. ಅದರೊಳಗಿನ 24, 4, 1 ಹಲ್ಲುಗಳ ಮೂರು ಚಕ್ರಗಳ ಸಂಕೇತ ಅಸಲಿಯಾಗಿಯೇ ಸಿಗುತ್ತದೆ. ಡ್ರಿಲ್ 1500 ತಿರುಗಿದರೆ ಇಸಿಯುಗೆ ಅದು 3000. ಎ1ಕ್ಕೂ 12 ವೋಲ್ಟ್‌ಗೂ ನಡುವೆ 1 ಕಿಲೋಓಮ್ ಮತ್ತು ಎಲ್‌ಇಡಿ ಹಾಕಿದರೆ ಮೊದಲ ಇಂಜೆಕ್ಟರಿನ ಪಲ್ಸ್ ಕಣ್ಣಿಗೆ ಕಾಣುತ್ತದೆ, ಆಸಿಲೋಸ್ಕೋಪಿನಲ್ಲಿ ಅದರ ಅಗಲ ಅಳೆಯಬಹುದು. ಒಂದು ಕೋಶದ ಬೈಟ್ ಎರಡರಷ್ಟು ಮಾಡಿ, ಪೊಟೆನ್ಶಿಯೋಮೀಟರನ್ನು ಮೆಲ್ಲಗೆ ತಿರುಗಿಸಿ. ಪಲ್ಸ್ ಎಲ್ಲಿ ಉಬ್ಬಿತೋ ಆ ಕೋಶ ಅಲ್ಲಿದೆ.

ಗಾಡಿಯಲ್ಲಿ ಲಾಗ್ (ಓಡುವಾಗಿನ ಅಂಕಿಗಳ ದಾಖಲೆ) ತೆಗೆಯಲು ಬೋರ್ಡಿನ ಸಿಎನ್2 ಜಾಗಕ್ಕೆ ಪಿನ್ ಕೂರಿಸಿ, ಆ ಬೋರ್ಡಿಗೆ ಹೇಳಿರುವ ಜಂಪರ್ ತೆಗೆಯಬೇಕು. ಕಾರ್ಖಾನೆಯ ಪ್ರೋಗ್ರಾಂ ಏನನ್ನೂ ಕಳಿಸುವುದಿಲ್ಲ, ಲಾಗಿಂಗ್ ಸೇರಿಸಿದ ರಾಮ್ ಬೇಕು. ವೈಡ್‌ಬ್ಯಾಂಡ್ ಸೆನ್ಸರ್ (ಹೊಗೆಯಿಂದ ಗಾಳಿ-ಇಂಧನದ ಪಾಲು ಅಳೆಯುವುದು) ಎಕ್ಸಾಸ್ಟ್ ಸೋರಿಕೆಯ ಹಿಂದೆ ಕೂತಿದ್ದರೆ ಅದರ ಎಲ್ಲ ಅಂಕಿಯೂ ಸುಳ್ಳು, ಅದನ್ನು ಮೊದಲು ನೋಡಿ. ಟ್ಯೂನ್ ಮಾಡುವಷ್ಟು ಹೊತ್ತು ಆಕ್ಸಿಜನ್ ಸೆನ್ಸರಿನ ತಿದ್ದುಪಡಿಯನ್ನು ರಾಮ್‌ನಲ್ಲೇ ಆಫ್ ಮಾಡಿ. ಇಲ್ಲದಿದ್ದರೆ ನೀವು ತಪ್ಪು ಮಾಡಿದಂತೆಲ್ಲ ಇಸಿಯು ಅದನ್ನು ಮುಚ್ಚಿಹಾಕುತ್ತಾ ಹೋಗುತ್ತದೆ, ಕೋಷ್ಟಕ ಸರಿಯಾಗಿದೆ ಎಂಬ ತಪ್ಪು ತಿಳಿವಳಿಕೆ ಉಳಿಯುತ್ತದೆ.

ಟರ್ಬೊ ಹಾಕುವವರಿಗೆ ಒಂದೇ ಮಾತು: ಕಾರ್ಖಾನೆಯ ಒತ್ತಡ ಸೆನ್ಸರ್ ಸುಮಾರು 1.7 ಬಾರ್ ಪೂರ್ಣ ಒತ್ತಡದವರೆಗೆ (ವಾತಾವರಣದ ಒತ್ತಡವೂ ಸೇರಿ) ಓದುತ್ತದೆ. ಅದರಾಚೆ ಅದು ಕುರುಡು.

ವಿಟೆಕ್ ಬದಲಾಗುವ ಬಿಂದು ಹುಡುಕುವುದು ಡೈನೋ (ಗಾಡಿ ನಿಂತಲ್ಲೇ ಶಕ್ತಿ ಅಳೆಯುವ ಯಂತ್ರ) ಮೇಲೆ ಸುಲಭ. ಈ ಇಂಜಿನ್‌ಗೆ ಕೆಳಗಿನ ಕ್ಯಾಮ್‌ಗೆ ಒಂದು, ಮೇಲಿನ ಕ್ಯಾಮ್‌ಗೆ ಒಂದು ಎಂದು ಇಂಧನಕ್ಕೂ ಟೈಮಿಂಗ್‌ಗೂ ಬೇರೆ ಬೇರೆ ಕೋಷ್ಟಕಗಳಿವೆ. ಬದಲಾಗುವ ಆರ್‌ಪಿಎಂಅನ್ನು ತೀರಾ ಮೇಲಿಟ್ಟು ಪೂರ್ತಿ ಥ್ರಾಟಲ್‌ನಲ್ಲಿ ಒಂದು ಓಟ, ತೀರಾ ಕೆಳಗಿಟ್ಟು ಇನ್ನೊಂದು ಓಟ. ಎರಡು ಟಾರ್ಕ್ ಗೆರೆಗಳು ಎಲ್ಲಿ ದಾಟುತ್ತವೋ ಅಲ್ಲಿ ಇಡಿ, ಮರಳುವ ಮಿತಿಯನ್ನು ಅದರ ಕೆಳಗೆ. ಬದಲಾಗುವ ಕ್ಷಣದಲ್ಲಿ ಗಾಡಿ ಒದ್ದಂತಾಗುವುದನ್ನು ಬಹಳ ಜನ ಶಕ್ತಿಯೆಂದು ಮೆಚ್ಚುತ್ತಾರೆ. ಬಿಂದು ಸರಿಯಾಗಿದ್ದು ಎರಡೂ ಕೋಷ್ಟಕ ಹೊಂದಿಕೊಂಡರೆ ಆ ಒದೆತ ಇರುವುದಿಲ್ಲ, ಕೆಳಗೆ ಕಳೆದುಕೊಂಡಿದ್ದ ಟಾರ್ಕ್ ವಾಪಸ್ ಬಂದಿರುತ್ತದೆ. ನಿಂತ ಗಾಡಿಯಲ್ಲಿ ರೇಸ್ ಮಾಡಿ ವಿಟೆಕ್ ಬರುತ್ತಿಲ್ಲ ಎಂದು ಬೋರ್ಡ್ ಬಿಚ್ಚಬೇಡಿ. ಇಂಜಿನ್ ಬಿಸಿ, ಹೊರೆ, ಗಾಡಿಯ ವೇಗ ಇವೆಲ್ಲ ಕೂಡಿದರೆ ಮಾತ್ರ ಇಸಿಯು ಎ4ರ ಮೂಲಕ ಸೊಲೆನಾಯ್ಡ್ ತೆರೆಯುತ್ತದೆ. ತೆರೆದ ಮೇಲೆ ಆಯಿಲ್ ಒತ್ತಡದ ಸ್ವಿಚ್ ಉತ್ತರಿಸದಿದ್ದರೆ ಕೋಡ್ 22. ಆಗ ಮೊದಲು ನೋಡಬೇಕಾದದ್ದು ಆಯಿಲ್ ಡಿಪ್‌ಸ್ಟಿಕ್.

ನಮ್ಮಲ್ಲಿ ಇದಕ್ಕೆ ಸೇರಿಸಬೇಕಾದ ಇನ್ನೊಂದು ಲೆಕ್ಕ ಇ20 ಪೆಟ್ರೋಲಿನದು. ಶುದ್ಧ ಪೆಟ್ರೋಲಿಗೆ 14.7 ಪಾಲು ಗಾಳಿ ಬೇಕಿದ್ದರೆ ಶೇಕಡ 20 ಎಥನಾಲ್ ಇರುವುದಕ್ಕೆ ಸುಮಾರು 13.5 ಸಾಕು. ಅದೇ ಗಾಳಿಗೆ ಶೇಕಡ 8ರಿಂದ 9ರಷ್ಟು ಹೆಚ್ಚು ಇಂಧನ ಬೇಕು. ಹದವಾದ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ತಾನೇ ಸರಿದೂಗಿಸುತ್ತದೆ, ಪೂರ್ತಿ ಥ್ರಾಟಲ್‌ನಲ್ಲಿ ಅದರ ಮಾತು ನಡೆಯುವುದಿಲ್ಲ, ಮಿಶ್ರಣ ಲೀನ್ ಆಗುತ್ತದೆ (ಇಂಧನ ಕಡಿಮೆ ಬೀಳುತ್ತದೆ). ವೈಡ್‌ಬ್ಯಾಂಡ್ ಮೀಟರನ್ನು ಲ್ಯಾಂಬ್ಡಾದಲ್ಲಿ (ಆ ಇಂಧನಕ್ಕೆ ಬೇಕಾದ ಗಾಳಿಗೆ ಹೋಲಿಸಿದರೆ ಸಿಕ್ಕ ಗಾಳಿ ಎಷ್ಟು ಪಾಲು) ಓದಿ, ಪೂರ್ತಿ ಥ್ರಾಟಲ್‌ಗೆ 0.87ರ ಸುತ್ತ ಇರಲಿ. ಪೆಟ್ರೋಲ್ ಯಾವುದಾದರೂ ಲ್ಯಾಂಬ್ಡಾದ ಗುರಿ ಬದಲಾಗುವುದಿಲ್ಲ, 14.7ರ ಲೆಕ್ಕದ ಅಂಕಿಯಲ್ಲಿ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂವತ್ತು ವರ್ಷದ ಗಾಡಿಯ ಇಂಧನದ ರಬ್ಬರ್ ಪೈಪುಗಳನ್ನೂ ಅದೇ ದಿನ ಬದಲಿಸಿ.

ಕಾನೂನಿನ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. ಇಂಜಿನ್ ಬದಲಾವಣೆಗೆ ಕೈಹಾಕುವ ಮುನ್ನ ಆರ್‌ಟಿಒದಲ್ಲಿ ವಿಚಾರಿಸಿ. ಕ್ಯಾಟಲಿಟಿಕ್ ಕನ್ವರ್ಟರ್ ತೆಗೆದು ಆಕ್ಸಿಜನ್ ಸೆನ್ಸರ್ ಕುರುಡು ಮಾಡುವ ರಾಮ್ ರಸ್ತೆಯ ಗಾಡಿಗೆ ಬೇಡ.

ಟ್ಯೂನ್ ಮುಗಿದ ಮೇಲೆ ಆಕ್ಸಿಜನ್ ಸೆನ್ಸರಿನ ತಿದ್ದುಪಡಿಯನ್ನು ಮತ್ತೆ ಆನ್ ಮಾಡಿ, ಚೆಕ್‌ಸಮ್ ಸರಿಮಾಡಿ, ಚಿಪ್ ಬರೆದು ಪ್ರೋಗ್ರಾಮರಿನಲ್ಲಿ ಒಮ್ಮೆ ವೆರಿಫೈ ಮಾಡಿ. ಚಿಪ್‌ನ ಬೆನ್ನಿಗೆ ಚೀಟಿ ಅಂಟಿಸಿ: ತಾರೀಖು, ಇಂಜೆಕ್ಟರ್ ಗಾತ್ರ, ಬೇಸ್ ಟೈಮಿಂಗ್, ಯಾವ ಪೆಟ್ರೋಲ್. ಸಾಕೆಟ್‌ನಿಂದ ಅಲುಗಾಟಕ್ಕೆ ಚಿಪ್ ಮೇಲೇಳದಂತೆ ಕೇಬಲ್ ಟೈ ಬಿಗಿದು, ಇಸಿಯು ಮುಚ್ಚಳ ಹಾಕಿ. ಕಾರ್ಪೆಟ್ ಕೆಳಗೆ ನೀರು ಇಳಿದ ಗುರುತು ಇದ್ದರೆ, ಪೆಟ್ಟಿಗೆ ಕೂರಿಸುವ ಮೊದಲು ಆ ಸೋರಿಕೆ ಹುಡುಕಿ.